ಅನಿವಾರ್ಯತೆ ಮತ್ತು ಆಶಯ: ಶಿಕಾಗೊ, ಡೆಟ್ರಾಯಿಟ್ ನಗರಗಳಲ್ಲಿ ಇಸ್ಲಾಮಿ ಕಾನೂನಿನ ಮರುಚಿಂತನೆ

ಆಧುನಿಕ ಕಾಲದ ಅಗತ್ಯಗಳಿಗೆ ಇಸ್ಲಾಮಿ ಕಾನೂನನ್ನು ಹೊಂದಿಸಿಕೊಳ್ಳುವ ಕೆಲಸವನ್ನು ಕಳೆದ ನೂರೈವತ್ತು ವರ್ಷಗಳಲ್ಲಿ ಹೆಚ್ಚಾಗಿ ಪ್ರಭುತ್ವಗಳೇ ನಡೆಸಿವೆ. ಆಟೊಮನ್ ಸಾಮ್ರಾಜ್ಯವು 1869 ಮತ್ತು 1876ರ ನಡುವೆ ಹನಫಿ ಪಂಥದ ವ್ಯವಹಾರ ನಿಯಮಗಳನ್ನು ‘ಮಜಲ್ಲಾ’ ಎಂಬ ಸಂಹಿತೆಯಲ್ಲಿ ಕಲಮುಗಳಾಗಿ ಜೋಡಿಸಿತು. ಟ್ಯುನೀಷಿಯಾ 1956ರಲ್ಲಿ ಬಹುಪತ್ನಿತ್ವವನ್ನು ನಿಷೇಧಿಸಿತು. ಪಾಕಿಸ್ತಾನವು 1961ರ ಸುಗ್ರೀವಾಜ್ಞೆಯ ಮೂಲಕ ತಲಾಖ್ ಹೇಳಿದವನು ಸ್ಥಳೀಯ ಮಂಡಳಿಗೆ ಸೂಚನೆ ಕೊಡಬೇಕೆಂದೂ ಎರಡನೆಯ ಮದುವೆಗೆ ಅನುಮತಿ ಪಡೆಯಬೇಕೆಂದೂ ವಿಧಿಸಿತು. ಬ್ರಿಟಿಷ್ ಭಾರತದಲ್ಲಿ 1939ರಲ್ಲಿ ಬಂದ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯು, ಹನಫಿ ಪಂಥದಲ್ಲಿ ಹೆಂಡತಿಗೆ ಬಿಡುಗಡೆಯ ದಾರಿ ತೀರ ಕಿರಿದಾಗಿದ್ದುದರಿಂದ ಮಾಲಿಕಿ ಪಂಥದ ಉದಾರ ನಿಯಮಗಳನ್ನು ಎರವಲು ಪಡೆದು, ಕರ್ನಾಟಕದ ಮುಸ್ಲಿಂ ಮಹಿಳೆಯರು ಇಂದಿಗೂ ನ್ಯಾಯಾಲಯದಲ್ಲಿ ನೆಚ್ಚಿಕೊಳ್ಳುವ ಆಧಾರವೊಂದನ್ನು ಒದಗಿಸಿತು. ಈ ಎಲ್ಲ ಕಡೆಗಳಲ್ಲಿ ನಿಯಮವನ್ನು ಬದಲಿಸುವ ಶಾಸನಸಭೆಯೋ ಆಳುವವರ ಆಜ್ಞೆಯೋ, ಅದನ್ನು ಜಾರಿಗೊಳಿಸುವ ನ್ಯಾಯಾಧೀಶನೋ ಇದ್ದೇ ಇದ್ದರು.

ಅಮೆರಿಕದ ಶಿಕಾಗೊ ಮತ್ತು ಡೆಟ್ರಾಯಿಟ್ ಸುತ್ತಲಿನ ಮುಸ್ಲಿಮರ ಪರಿಸ್ಥಿತಿ ಇದಕ್ಕಿಂತ ಬೇರೆಯಾದುದು. ಅಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ವೈಯಕ್ತಿಕ ಕಾನೂನಿಲ್ಲ, ಸರ್ಕಾರ ನೇಮಿಸಿದ ಖಾಜಿಯಿಲ್ಲ, ವಕ್ಫ್ ಮಂಡಳಿಯಿಲ್ಲ. ಮದುವೆ, ವಿಚ್ಛೇದನ, ವಾರಸುದಾರಿಕೆಗಳೆಲ್ಲ ಇಲಿನಾಯ್ ಅಥವಾ ಮಿಷಿಗನ್ ರಾಜ್ಯದ ಸಾಮಾನ್ಯ ಕಾನೂನಿಗೆ ಒಳಪಟ್ಟಿರುವುದರಿಂದ, ಇಸ್ಲಾಮಿ ಕಾನೂನು ಅಲ್ಲಿ ಉಳಿದಿರುವುದು ನಂಬುವವರ ಒಪ್ಪಿಗೆಯ ಬಲದಿಂದ ಮಾತ್ರ. ಹೀಗೆ ಒತ್ತಾಯವಿಲ್ಲದ ಜಾಗದಲ್ಲಿ ಒಂದು ಧರ್ಮದ ಕಾನೂನು ತನ್ನನ್ನು ಹೇಗೆ ಮರುಚಿಂತನೆಗೆ ಒಡ್ಡಿಕೊಳ್ಳುತ್ತದೆ ಎಂಬುದನ್ನು ನೋಡಲು ಈ ಎರಡು ನಗರಗಳಷ್ಟು ಸೂಕ್ತವಾದ ಸ್ಥಳಗಳು ಕಡಿಮೆ. ಮರುಚಿಂತನೆಯ ಎರಡು ಮಾರ್ಗಗಳು ಅಲ್ಲಿ ಅಕ್ಕಪಕ್ಕದಲ್ಲಿ ಬೆಳೆದಿವೆ. ನಿಯಮದ ಹಿಂದಿರುವ ನೈತಿಕ ಆಶಯವನ್ನು ಹುಡುಕಿ, ಆ ಆಶಯಕ್ಕೆ ತಕ್ಕಂತೆ ನಿಯಮವನ್ನೇ ಮತ್ತೆ ರೂಪಿಸಬೇಕೆನ್ನುವುದು ಒಂದು. ನಿಯಮವನ್ನು ಇದ್ದಂತೆಯೇ ಉಳಿಸಿ, ಅನಿವಾರ್ಯ ಸಂದರ್ಭಗಳಲ್ಲಿ ವಿನಾಯಿತಿ ಕೊಡುವುದು ಇನ್ನೊಂದು. ಮೊದಲನೆಯದು ಶಿಕಾಗೊದ ವಿಶ್ವವಿದ್ಯಾಲಯದಲ್ಲಿ ತನ್ನ ಪ್ರಬಲ ಸಿದ್ಧಾಂತವನ್ನು ಪಡೆಯಿತಾದರೂ, ಮಸೀದಿ, ಬ್ಯಾಂಕು ಮತ್ತು ಕುಟುಂಬಗಳಲ್ಲಿ ದಿನನಿತ್ಯ ಚಲಾವಣೆಯಲ್ಲಿರುವುದು ಎರಡನೆಯದೇ.

ಚರ್ಚೆಗೆ ಮೊದಲು ಕೆಲವು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ದೇವರು ತೋರಿದ ಮಾರ್ಗವೆಂದು ಮುಸ್ಲಿಮರು ನಂಬುವುದು ‘ಷರಿಯತ್’. ಕುರ್‌ಆನ್ ಮತ್ತು ಪ್ರವಾದಿಯವರ ನಡೆನುಡಿಗಳನ್ನು ಆಧರಿಸಿ ವಿದ್ವಾಂಸರು ಶತಮಾನಗಳ ಕಾಲ ಕಟ್ಟಿದ ನ್ಯಾಯಶಾಸ್ತ್ರ ‘ಫಿಕ್ಹ್’. ಸುನ್ನಿಗಳಲ್ಲಿ ಹನಫಿ, ಮಾಲಿಕಿ, ಶಾಫಿ ಮತ್ತು ಹಂಬಲಿ ಎಂಬ ನಾಲ್ಕು ಪಂಥಗಳು ಈ ಶಾಸ್ತ್ರವನ್ನು ಬೇರೆಬೇರೆ ಬಗೆಯಲ್ಲಿ ಬೆಳೆಸಿದವು, ಷಿಯಾಗಳಲ್ಲಿ ಜಾಫರಿ ಪಂಥವು ಮುಖ್ಯವಾಯಿತು. ಮೂಲ ಆಕರಗಳಿಂದ ಸ್ವತಂತ್ರವಾಗಿ ನಿರ್ಣಯ ತೆಗೆಯುವ ಬೌದ್ಧಿಕ ಶ್ರಮಕ್ಕೆ ‘ಇಜ್ತಿಹಾದ್’ ಎಂದೂ, ಕೇಳಿದ ಪ್ರಶ್ನೆಗೆ ವಿದ್ವಾಂಸನು ಕೊಡುವ ಅಭಿಪ್ರಾಯಕ್ಕೆ ‘ಫತ್ವಾ’ ಎಂದೂ ಹೆಸರು. ಫತ್ವಾ ಎಂಬುದು ಆಜ್ಞೆಯಲ್ಲ, ಅಭಿಪ್ರಾಯ. ಅಮೆರಿಕದಂಥ ದೇಶದಲ್ಲಿ ಅದನ್ನು ಒಪ್ಪುವುದೂ ಬಿಡುವುದೂ ಕೇಳಿದವರ ಇಚ್ಛೆ.

ಡೆಟ್ರಾಯಿಟ್‌ಗೆ ಮುಸ್ಲಿಮರನ್ನು ಕರೆತಂದದ್ದು ಮೋಟಾರು ಕಾರ್ಖಾನೆಗಳು. ಫೋರ್ಡ್ ಕಂಪನಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಗೆ ದುಡಿಯಲು ಬಂದ ಸಿರಿಯಾ ಮತ್ತು ಲೆಬನಾನ್ ಕಡೆಯ ವಲಸಿಗರು 1921ರಲ್ಲಿಯೇ ಅಲ್ಲಿ ಮಸೀದಿಯೊಂದನ್ನು ಕಟ್ಟಿದ್ದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಫೋರ್ಡ್‌ನ ರೂಜ್ ಕಾರ್ಖಾನೆ ಬೆಳೆದಂತೆ ಸಮುದಾಯವೂ ಡಿಯರ್‌ಬಾರ್ನ್‌ಗೆ ಸರಿದು, 1930ರ ದಶಕದ ಕೊನೆಗೆ ಡಿಕ್ಸ್ ರಸ್ತೆಯಲ್ಲಿ ಹೊಸ ಮಸೀದಿಯನ್ನು ಎಬ್ಬಿಸಿತು. ಅದೇ ಡೆಟ್ರಾಯಿಟ್‌ನಲ್ಲಿ 1930ರಲ್ಲಿ ಹುಟ್ಟಿ ಶಿಕಾಗೊದಲ್ಲಿ ಬೇರುಬಿಟ್ಟ ‘ನೇಷನ್ ಆಫ್ ಇಸ್ಲಾಂ’ ಎಂಬ ಕಪ್ಪುಜನರ ಸಂಘಟನೆಯನ್ನು, ಅದರ ನಾಯಕ ಎಲೈಜಾ ಮುಹಮ್ಮದ್ 1975ರಲ್ಲಿ ತೀರಿಕೊಂಡ ಮೇಲೆ, ಮಗ ವಾರಿಸ್ ದೀನ್ ಮುಹಮ್ಮದ್ ಸುನ್ನಿ ಇಸ್ಲಾಮಿನತ್ತ ನಡೆಸಿದರು. 1965ರ ವಲಸೆ ಕಾಯ್ದೆಯ ನಂತರ ಭಾರತ ಮತ್ತು ಪಾಕಿಸ್ತಾನಗಳಿಂದ ಬಂದ ವೈದ್ಯರೂ ಎಂಜಿನಿಯರುಗಳೂ ಶಿಕಾಗೊದಲ್ಲಿ ನೆಲೆಸಿದರು, ಅಲ್ಲಿನ ಡೆವನ್ ಅವೆನ್ಯೂ ದಕ್ಷಿಣ ಏಷ್ಯಾದ ಪೇಟೆಯಾಯಿತು. ಲೆಬನಾನಿನ ಅಂತರ್ಯುದ್ಧ, ಆಮೇಲೆ ಇರಾಕಿನ ಯುದ್ಧಗಳು ಡಿಯರ್‌ಬಾರ್ನ್‌ಗೆ ಷಿಯಾ ಕುಟುಂಬಗಳನ್ನು ತಳ್ಳಿದವು. ಹೀಗಾಗಿ ತಾಯ್ನಾಡಿನಲ್ಲಿ ಒಬ್ಬರನ್ನೊಬ್ಬರು ಎಂದೂ ಕಂಡಿರದ ಪಂಥಗಳು ಇಲ್ಲಿ ಒಂದೇ ಮಸೀದಿಯ ಸಾಲಿನಲ್ಲಿ ನಿಲ್ಲಬೇಕಾಯಿತು, ಯಾರ ಫಿಕ್ಹ್ ನಡೆಯಬೇಕು ಎಂಬ ಪ್ರಶ್ನೆ ಪುಸ್ತಕದಿಂದ ಹೊರಬಂದು ಆಡಳಿತ ಸಮಿತಿಯ ಮೇಜಿಗೆ ಬಂದು ಕುಳಿತಿತು.

ಈ ಪ್ರಶ್ನೆಗೆ ಅತ್ಯಂತ ಆಳವಾದ ಉತ್ತರವನ್ನು ಕೊಟ್ಟವರು ಫಜಲುರ್ ರಹಮಾನ್. 1919ರಲ್ಲಿ ಅವಿಭಜಿತ ಭಾರತದ ಹಜಾರಾ ಪ್ರದೇಶದಲ್ಲಿ, ದೇವಬಂದಿನಲ್ಲಿ ಓದಿದ ಮೌಲಾನಾ ಒಬ್ಬರ ಮಗನಾಗಿ ಹುಟ್ಟಿದ ಅವರು, ಆಕ್ಸ್‌ಫರ್ಡ್‌ನಲ್ಲಿ ಇಬ್ನ್ ಸೀನಾನ ತತ್ತ್ವಶಾಸ್ತ್ರದ ಮೇಲೆ ಪ್ರಬಂಧ ಬರೆದು, ಡರ್ಹಮ್ ಮತ್ತು ಮೆಕ್‌ಗಿಲ್ ವಿಶ್ವವಿದ್ಯಾಲಯಗಳಲ್ಲಿ ಕಲಿಸಿ, 1960ರ ದಶಕದಲ್ಲಿ ಪಾಕಿಸ್ತಾನದ ಇಸ್ಲಾಮಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಕುಟುಂಬ ಕಾನೂನಿನ ಸುಧಾರಣೆಯನ್ನು ಸಮರ್ಥಿಸಿದ್ದು, ಬ್ಯಾಂಕಿನ ಬಡ್ಡಿಯೆಲ್ಲವೂ ಕುರ್‌ಆನ್ ನಿಷೇಧಿಸಿದ ‘ರಿಬಾ’ ಅಲ್ಲವೆಂದು ವಾದಿಸಿದ್ದು, ದೇವವಾಣಿಯ ಸ್ವರೂಪವನ್ನು ಕುರಿತ ಅವರ ಮಾತುಗಳು, ಎಲ್ಲವೂ ಸೇರಿ ಬೀದಿಯಲ್ಲಿ ಪ್ರತಿಭಟನೆ ಎಬ್ಬಿಸಿ, 1968ರಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಮರುವರ್ಷ ಶಿಕಾಗೊ ವಿಶ್ವವಿದ್ಯಾಲಯ ಸೇರಿ, 1988ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದರು. ಸುಧಾರಣೆಯನ್ನು ಸರ್ಕಾರದ ಮೂಲಕ ತರಲು ಹೋಗಿ ಸೋತ ಮನುಷ್ಯ, ಯಾವ ಅಧಿಕಾರವೂ ಇಲ್ಲದ ತರಗತಿಯ ಕೋಣೆಯಲ್ಲಿ ಅದರ ತಾತ್ತ್ವಿಕ ತಳಹದಿಯನ್ನು ಕಟ್ಟಿದ್ದು ಇಸ್ಲಾಮಿನ ಆಧುನಿಕ ಇತಿಹಾಸದ ಬಹುಮುಖ್ಯ ಘಟನೆಗಳಲ್ಲಿ ಒಂದು.

1982ರಲ್ಲಿ ಹೊರಬಂದ ‘ಇಸ್ಲಾಂ ಅಂಡ್ ಮಾಡರ್ನಿಟಿ’ ಎಂಬ ಗ್ರಂಥದಲ್ಲಿ ಅವರು ವಿವರಿಸಿದ ವಿಧಾನಕ್ಕೆ ಎರಡು ಚಲನೆಗಳಿವೆ. ಮೊದಲು ಓದುಗನು ಇಂದಿನ ಕಾಲದಿಂದ ಏಳನೆಯ ಶತಮಾನದ ಅರೇಬಿಯಾಕ್ಕೆ ಹೋಗಿ, ಒಂದೊಂದು ಆದೇಶವೂ ಯಾವ ಸಾಮಾಜಿಕ ಸಮಸ್ಯೆಗೆ ಉತ್ತರವಾಗಿ ಬಂದಿತೆಂಬುದನ್ನು ಅರಿತು, ಅಂಥ ಹಲವು ಉತ್ತರಗಳ ಹಿಂದೆ ಸಮಾನವಾಗಿರುವ ನೈತಿಕ ಉದ್ದೇಶವನ್ನು ಗುರುತಿಸಬೇಕು. ಬಳಿಕ ಆ ಉದ್ದೇಶವನ್ನು ಹಿಡಿದು ಇಂದಿನ ಕಾಲಕ್ಕೆ ಮರಳಿ, ಇಲ್ಲಿನ ವಾಸ್ತವವನ್ನು ಅಷ್ಟೇ ಎಚ್ಚರದಿಂದ ಅಧ್ಯಯನ ಮಾಡಿ, ಹೊಸ ನಿಯಮವನ್ನು ರೂಪಿಸಬೇಕು. ಬಹುಪತ್ನಿತ್ವದ ಉದಾಹರಣೆ ಈ ವಿಧಾನವನ್ನು ಸ್ಪಷ್ಟಗೊಳಿಸುತ್ತದೆ. ಕುರ್‌ಆನಿನ ನಾಲ್ಕನೆಯ ಅಧ್ಯಾಯವು ನಾಲ್ವರವರೆಗೆ ಪತ್ನಿಯರನ್ನು ಹೊಂದಲು ಅನುಮತಿ ಕೊಡುವಾಗಲೇ ಎಲ್ಲರಿಗೂ ಸಮಾನ ನ್ಯಾಯ ನೀಡುವ ಷರತ್ತನ್ನು ಹಾಕುತ್ತದೆ, ಅದೇ ಅಧ್ಯಾಯದ ಮುಂದಿನ ಭಾಗದಲ್ಲಿ ಅಂಥ ನ್ಯಾಯವು ಮನುಷ್ಯರಿಗೆ ಅಸಾಧ್ಯವೆಂದೂ ಹೇಳುತ್ತದೆ. ಅನುಮತಿಯು ಆ ಕಾಲದ ಸಮಾಜಕ್ಕೆ ಕೊಟ್ಟ ತಾತ್ಕಾಲಿಕ ಕಾನೂನು, ಏಕಪತ್ನಿತ್ವವು ಸಮಾಜ ಸಾಗಬೇಕಾದ ನೈತಿಕ ಗುರಿ ಎಂಬುದು ರಹಮಾನರ ತೀರ್ಮಾನ. ಗುಲಾಮಗಿರಿಯ ವಿಷಯದಲ್ಲಿಯೂ ಅವರು ಇದೇ ತರ್ಕವನ್ನು ಮುಂದಿಟ್ಟರು.

ಈ ವಿಧಾನಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಆದೇಶದ ಉದ್ದೇಶ ಇಂಥದ್ದೇ ಎಂದು ನಿರ್ಧರಿಸುವವರು ಯಾರು, ತಮಗೆ ಬೇಕಾದ ಆಧುನಿಕ ಮೌಲ್ಯವನ್ನೇ ಪ್ರಾಚೀನ ಪಠ್ಯದಲ್ಲಿ ಕಂಡುಕೊಳ್ಳುವ ಅಪಾಯವನ್ನು ತಪ್ಪಿಸುವುದು ಹೇಗೆ ಎಂದು ಸಾಂಪ್ರದಾಯಿಕ ವಿದ್ವಾಂಸರು ಕೇಳುವುದು ನ್ಯಾಯವಾಗಿಯೇ ಇದೆ. ಆದರೆ ಪಂಥಗಳ ಹಳೆಯ ವಿಧಾನವೂ ಮನುಷ್ಯರ ಆಯ್ಕೆಗಳಿಂದಲೇ ಆದದ್ದಾದ್ದರಿಂದ, ಆಯ್ಕೆಯನ್ನು ಮರೆಮಾಡುವುದಕ್ಕಿಂತ ಅದರ ಕಾರಣಗಳನ್ನು ಬಹಿರಂಗವಾಗಿ ಚರ್ಚೆಗಿಡುವುದು ಹೆಚ್ಚು ಪ್ರಾಮಾಣಿಕ ಎಂಬ ರಹಮಾನರ ನಿಲುವನ್ನು ತಳ್ಳಿಹಾಕುವುದು ಸುಲಭವಲ್ಲ. ಅವರ ವಿದ್ಯಾರ್ಥಿಗಳಾದ ನೂರ್ಖೊಲಿಷ್ ಮಜೀದ್ ಮತ್ತು ಸ್ಯಾಫಿಯಿ ಮಾಅರಿಫ್ ಈ ಚಿಂತನೆಯನ್ನು ಇಂಡೋನೇಷ್ಯಾಕ್ಕೆ ಕೊಂಡೊಯ್ದರು. 1988ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಆಮಿನಾ ವದೂದ್ ಅದನ್ನು ಸ್ತ್ರೀಯರ ದೃಷ್ಟಿಯಿಂದ ಕುರ್‌ಆನ್ ಓದಲು ಬಳಸಿದರು. ಶಿಕಾಗೊ ವಿಶ್ವವಿದ್ಯಾಲಯದಲ್ಲಿಯೇ ಓದಿ ನಗರದ ನವವಿ ಪ್ರತಿಷ್ಠಾನವನ್ನು ನಡೆಸಿದ ಉಮರ್ ಫಾರೂಕ್ ಅಬ್ದುಲ್ಲಾ ಮಾತ್ರ ಬೇರೆ ದಾರಿ ಹಿಡಿದು, ಸ್ಥಳೀಯ ರೂಢಿಗೆ ಫಿಕ್ಹ್‌ನಲ್ಲಿ ಮೊದಲಿನಿಂದಲೂ ಇರುವ ಮನ್ನಣೆಯನ್ನು ಎತ್ತಿ ತೋರಿ, ಅಮೆರಿಕದ ಮುಸ್ಲಿಮರು ಅರಬ್ ಅಥವಾ ಪಾಕಿಸ್ತಾನಿ ಪದ್ಧತಿಗಳನ್ನು ಧರ್ಮವೆಂದು ಭಾವಿಸಬೇಕಾಗಿಲ್ಲವೆಂದು 2004ರ ಪ್ರಬಂಧವೊಂದರಲ್ಲಿ ವಾದಿಸಿದರು. ಆಫ್ರಿಕನ್ ಅಮೆರಿಕನ್ ಮುಸ್ಲಿಮರಿಗೆ ವಾರಿಸ್ ದೀನ್ ಮುಹಮ್ಮದ್ ಕಲಿಸಿದ ಸ್ವಾಭಿಮಾನದ ಪಾಠವೂ ಇದಕ್ಕೆ ಹತ್ತಿರದ್ದೇ.

ವಿಶ್ವವಿದ್ಯಾಲಯದ ಹೊರಗೆ ಪ್ರಶ್ನೆ ಎದುರಾದದ್ದು ಮನೆ ಕೊಳ್ಳುವಾಗ. ಅಮೆರಿಕದಲ್ಲಿ ಮಧ್ಯಮ ವರ್ಗದ ಕುಟುಂಬವು ಬ್ಯಾಂಕಿನ ಸಾಲವಿಲ್ಲದೆ ಮನೆ ಕೊಳ್ಳುವುದು ಕಷ್ಟ, ಸಾಲಕ್ಕೆ ಬಡ್ಡಿಯಿದೆ, ಬಡ್ಡಿಯನ್ನು ಬಹುಪಾಲು ವಿದ್ವಾಂಸರು ರಿಬಾ ಎಂದೇ ಪರಿಗಣಿಸುತ್ತಾರೆ. 1999ರ ನವೆಂಬರ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಸೇರಿದ ಉತ್ತರ ಅಮೆರಿಕದ ಷರಿಯತ್ ವಿದ್ವಾಂಸರ ಸಮ್ಮೇಳನವು, ಡಬ್ಲಿನ್ ಮೂಲದ ಯುರೋಪಿಯನ್ ಫತ್ವಾ ಮಂಡಳಿಯು ಹಿಂದಿನ ತಿಂಗಳಷ್ಟೇ ಕೊಟ್ಟಿದ್ದ ನಿರ್ಣಯದ ಜಾಡಿನಲ್ಲಿ, ಬೇರೆ ದಾರಿ ಇಲ್ಲದ ಕಡೆ ವಾಸದ ಮನೆಗಾಗಿ ಬಡ್ಡಿಯ ಸಾಲ ಪಡೆಯಲು ಅವಕಾಶ ನೀಡಿತು. ಸಾರ್ವತ್ರಿಕವಾದ ಅಗತ್ಯವನ್ನು ಅನಿವಾರ್ಯತೆಯ ಸ್ಥಾನದಲ್ಲಿಟ್ಟು ನೋಡಬಹುದೆಂಬ ಫಿಕ್ಹ್‌ನ ಹಳೆಯ ಸೂತ್ರವೂ, ಮುಸ್ಲಿಮೇತರ ನಾಡಿನ ವ್ಯವಹಾರಗಳಿಗೆ ಹನಫಿ ಪಂಥವು ಕೊಟ್ಟಿದ್ದ ರಿಯಾಯಿತಿಯೂ ಇದಕ್ಕೆ ಆಧಾರವಾದವು. ಬಾಡಿಗೆ ಮನೆ ಸಿಗುವಾಗ ಕೊಳ್ಳುವುದು ಅನಿವಾರ್ಯ ಹೇಗಾಗುತ್ತದೆ ಎಂದು ವಿರೋಧಿಗಳು ಕೇಳಿದರು. ‘ಅಲ್ಪಸಂಖ್ಯಾತರ ಫಿಕ್ಹ್’ ಎಂದು ವಿದ್ವಾಂಸರಾದ ತಾಹಾ ಜಾಬಿರ್ ಅಲ್‌ವಾನಿ ಮತ್ತು ಯೂಸುಫ್ ಖರ್ದಾವಿ ಹೆಸರಿಟ್ಟ ಹೊಸ ಶಾಖೆಗೆ ಈ ಚರ್ಚೆ ಒಂದು ಒರೆಗಲ್ಲಾಯಿತು.

ಪರ್ಯಾಯವನ್ನು ಬ್ಯಾಂಕುಗಳೂ ಹುಡುಕಿದವು. ಶಿಕಾಗೊದ ಡೆವನ್ ಬ್ಯಾಂಕು ‘ಮುರಾಬಹಾ’ ಮತ್ತು ‘ಇಜಾರಾ’ ಎಂಬ ಎರಡು ಬಗೆಯ ಒಪ್ಪಂದಗಳನ್ನು ಒದಗಿಸಿತು: ಮೊದಲನೆಯದರಲ್ಲಿ ಬ್ಯಾಂಕು ತಾನೇ ಮನೆಯನ್ನು ಕೊಂಡು, ಲಾಭ ಸೇರಿಸಿದ ಬೆಲೆಗೆ ಗಿರಾಕಿಗೆ ಕಂತಿನ ಮೇಲೆ ಮಾರುತ್ತದೆ, ಎರಡನೆಯದರಲ್ಲಿ ಗಿರಾಕಿಯು ಬಾಡಿಗೆ ಕೊಡುತ್ತ ಕ್ರಮೇಣ ಮನೆಯ ಒಡೆತನವನ್ನು ಪಡೆಯುತ್ತಾನೆ. ಡೆಟ್ರಾಯಿಟ್‌ಗೆ ಹತ್ತಿರದ ಆನ್ ಆರ್ಬರ್‌ನಲ್ಲಿ ಯೂನಿವರ್ಸಿಟಿ ಬ್ಯಾಂಕು 2005ರಲ್ಲಿ ಷರಿಯತ್ ನಿಯಮಗಳಿಗೆ ಮಾತ್ರ ಮೀಸಲಾದ ಅಂಗಸಂಸ್ಥೆಯನ್ನು ತೆರೆಯಿತು. ಇಂಥ ಒಪ್ಪಂದಗಳಿಗೆ ದಾರಿ ತೆರೆದದ್ದು ರಾಷ್ಟ್ರೀಯ ಬ್ಯಾಂಕುಗಳ ಮೇಲ್ವಿಚಾರಣಾ ಕಚೇರಿಯು ನ್ಯೂಯಾರ್ಕಿನಲ್ಲಿದ್ದ ಕುವೈತಿ ಬ್ಯಾಂಕೊಂದರ ಶಾಖೆಗೆ 1997 ಮತ್ತು 1999ರಲ್ಲಿ ಬರೆದ ಎರಡು ಪತ್ರಗಳು. ಬ್ಯಾಂಕುಗಳು ಸ್ಥಿರಾಸ್ತಿಯ ವ್ಯಾಪಾರ ಮಾಡಬಾರದೆಂಬ ನಿರ್ಬಂಧವಿರುವುದರಿಂದ, ಈ ಖರೀದಿ ಮತ್ತು ಬಾಡಿಗೆಗಳು ಪರಿಣಾಮದಲ್ಲಿ ಸಾಲಕ್ಕೆ ಸಮಾನವೆಂಬ ಕಾರಣವನ್ನೇ ಕಚೇರಿಯು ಅನುಮತಿಗೆ ಆಧಾರವಾಗಿ ಕೊಟ್ಟಿತು. ಧರ್ಮಶಾಸ್ತ್ರಜ್ಞರು ಇವು ಸಾಲವಲ್ಲವೆಂಬ ಕಾರಣಕ್ಕೆ ಒಪ್ಪುತ್ತಾರೆ, ನಿಯಂತ್ರಕರು ಇವು ಸಾಲವೇ ಎಂಬ ಕಾರಣಕ್ಕೆ ಒಪ್ಪುತ್ತಾರೆ.

ಇದನ್ನು ಕಪಟವೆಂದು ಜರೆಯುವುದು ಅನ್ಯಾಯ. ತಮ್ಮ ದುಡಿಮೆಯ ಹಣವು ನಿಷಿದ್ಧವಾದುದರಿಂದ ಮಲಿನವಾಗದಿರಲಿ ಎಂಬ ಪ್ರಾಮಾಣಿಕ ಕಾಳಜಿಯಿಂದ, ಕೆಲವೊಮ್ಮೆ ಹೆಚ್ಚಿನ ವೆಚ್ಚವನ್ನೂ ಹೊತ್ತು, ಜನರು ಈ ಒಪ್ಪಂದಗಳನ್ನು ಆರಿಸಿಕೊಳ್ಳುತ್ತಾರೆ. ಆದರೆ ರಿಬಾದ ನಿಷೇಧದ ಹಿಂದಿರುವುದು ಬಡ ಸಾಲಗಾರನನ್ನು ಹಿಂಡುವುದರ ವಿರುದ್ಧದ ಕಳಕಳಿ ಎಂದು ರಹಮಾನ್ 1960ರ ದಶಕದಲ್ಲಿ ಎತ್ತಿ ತೋರಿಸಿದ್ದರು. ಆ ಕಳಕಳಿಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಕಂತು ಕಟ್ಟಲಾಗದ ಕುಟುಂಬಕ್ಕೆ ಏನಾಗುತ್ತದೆ, ಮನೆಯ ಬೆಲೆ ಕುಸಿದಾಗ ನಷ್ಟವನ್ನು ಯಾರು ಹೊರುತ್ತಾರೆ? 2008ರ ಸುಮಾರಿಗೆ ಡೆಟ್ರಾಯಿಟ್‌ನ ಬೀದಿಬೀದಿಗಳಲ್ಲಿ ಮನೆಗಳು ಜಪ್ತಿಯಾದಾಗ ಈ ಪ್ರಶ್ನೆಗಳಿಗೆ ಇದ್ದ ತೂಕವನ್ನು ಒಪ್ಪಂದದ ರೂಪವನ್ನು ಕುರಿತ ಚರ್ಚೆಯು ಹೊರಲಾರದು. ಇದೇ ಮಾತು ಬಡಾವಣೆಯ ಮದ್ಯದಂಗಡಿಗಳಿಗೂ ಅನ್ವಯಿಸುತ್ತದೆ. ಎರಡೂ ನಗರಗಳಲ್ಲಿ ಅರಬ್ ಮುಸ್ಲಿಂ ವ್ಯಾಪಾರಿಗಳು ಕಪ್ಪುಜನರ ಬಡಾವಣೆಗಳಲ್ಲಿ ಮದ್ಯ ಮಾರುವುದನ್ನು ಅನಿವಾರ್ಯತೆಯ ಹೆಸರಿನಲ್ಲಿ ಸಮರ್ಥಿಸಿಕೊಂಡಿದ್ದುಂಟು. 1997ರಲ್ಲಿ ಶಿಕಾಗೊದ ದಕ್ಷಿಣ ಭಾಗದಲ್ಲಿ ಹುಟ್ಟಿದ ‘ಇನ್ನರ್ ಸಿಟಿ ಮುಸ್ಲಿಂ ಆಕ್ಷನ್ ನೆಟ್‌ವರ್ಕ್’ ಇದನ್ನು ಮಾರುವವನ ಪಾಪಪುಣ್ಯದ ಲೆಕ್ಕಕ್ಕೆ ಸೀಮಿತಗೊಳಿಸದೆ, ನೆರೆಹೊರೆಯವರಿಗೆ ಮಾಡುವ ಅನ್ಯಾಯವೆಂದು ನೋಡಿ, ಮೂಲೆಯಂಗಡಿಗಳಲ್ಲಿ ತಾಜಾ ಆಹಾರ ಸಿಗುವಂತೆ ಚಳವಳಿ ನಡೆಸಿತು.

ಆಚರಣೆಯ ಕೆಲವು ವಿಷಯಗಳಲ್ಲಿ ಹೊಂದಾಣಿಕೆ ಹೆಚ್ಚು ಸರಳವಾಗಿದೆ. ಉತ್ತರ ಅಮೆರಿಕದ ಫಿಕ್ಹ್ ಮಂಡಳಿಯು 2006ರಲ್ಲಿ ರಮಜಾನ್ ಮತ್ತು ಈದ್ ದಿನಗಳನ್ನು ಖಗೋಳ ಗಣಿತದಿಂದ ಮುಂಚಿತವಾಗಿಯೇ ನಿಗದಿಪಡಿಸುವ ನಿರ್ಣಯ ಕೈಗೊಂಡಿತು, ಕಾರ್ಖಾನೆಗೂ ಶಾಲೆಗೂ ರಜೆ ಕೇಳಬೇಕಾದವರಿಗೆ ಅದು ನೆಮ್ಮದಿ ತಂದಿತು; ಚಂದ್ರನನ್ನು ಕಣ್ಣಾರೆ ಕಂಡ ಮೇಲೆಯೇ ಹಬ್ಬವೆನ್ನುವವರು ಹಾಗೆಯೇ ಉಳಿದಿರುವುದರಿಂದ ಒಂದೇ ಊರಿನಲ್ಲಿ ಎರಡು ಈದ್‌ಗಳು ನಡೆಯುವುದೂ ಉಂಟು. ಅಂಗದಾನಕ್ಕೆ ಇದೇ ಮಂಡಳಿ 2018ರಲ್ಲಿ ಸಮ್ಮತಿ ನೀಡಿತು, ಮಿದುಳಿನ ಸಾವನ್ನು ಸಾವೆಂದು ಒಪ್ಪಬೇಕೇ ಎಂಬುದು ಮಾತ್ರ ವಿವಾದವಾಗಿಯೇ ಇದೆ. 1982ರಿಂದ ಶಿಕಾಗೊ ಸಮೀಪದಲ್ಲಿ ಕೆಲಸ ಮಾಡುತ್ತಿರುವ ಇಫಾಂಕಾ ಸಂಸ್ಥೆಯು ಕಾರ್ಖಾನೆಯ ಆಹಾರಗಳಿಗೆ ಹಲಾಲ್ ಪ್ರಮಾಣಪತ್ರ ನೀಡುತ್ತದೆ.

ಡಿಯರ್‌ಬಾರ್ನ್‌ನ ಷಿಯಾಗಳಲ್ಲಿ ಅಧಿಕಾರದ ರಚನೆಯೇ ಭಿನ್ನ. ಪ್ರತಿಯೊಬ್ಬ ನಂಬಿಕೆಯವನೂ ಬದುಕಿರುವ ಒಬ್ಬ ಹಿರಿಯ ವಿದ್ವಾಂಸನನ್ನು, ಅಂದರೆ ‘ಮರ್ಜಾ’ ಒಬ್ಬರನ್ನು, ಆರಿಸಿಕೊಂಡು ಅವರ ನಿರ್ಣಯಗಳನ್ನು ಅನುಸರಿಸಬೇಕಾದ್ದರಿಂದ, ಇಜ್ತಿಹಾದ್ ಅಲ್ಲಿ ನಿರಂತರವಾಗಿ ನಡೆಯುವ ಕ್ರಿಯೆ. ನಜಾಫ್‌ನ ಆಯತುಲ್ಲಾ ಸಿಸ್ತಾನಿಯವರು ಪಾಶ್ಚಾತ್ಯ ದೇಶಗಳಲ್ಲಿ ನೆಲೆಸಿದವರಿಗಾಗಿಯೇ ಇರುವ ಕೈಪಿಡಿಯಲ್ಲಿ ದೈನಂದಿನ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಬೈರೂತ್‌ನ ಮರ್ಜಾ ಫದ್ಲುಲ್ಲಾ, 2010ರಲ್ಲಿ ತೀರಿಕೊಳ್ಳುವವರೆಗೆ, ಚಂದ್ರಗಣನೆ ಮತ್ತು ಸ್ತ್ರೀಯರ ವಿಷಯಗಳಲ್ಲಿ ಹೊಸ ನಿಲುವುಗಳನ್ನು ತಳೆದರು. ಉತ್ತರ ಸ್ಪಷ್ಟವಾಗಿ ಸಿಗುವುದು ಈ ವ್ಯವಸ್ಥೆಯ ಅನುಕೂಲ; ಉತ್ತರ ಹೇಳುವವರು ಮಿಷಿಗನ್‌ನಲ್ಲಿ ಬದುಕುವವರಲ್ಲ ಎಂಬುದು ಅದರ ಮಿತಿ.

ಹೊಂದಾಣಿಕೆಯ ನಿಜವಾದ ಪರೀಕ್ಷೆ ನಡೆಯುವುದು ಮದುವೆ ಮುರಿದಾಗ. ಭಾರತದಲ್ಲಿ ಮದುವೆಯಾಗಿ ಮಿಷಿಗನ್‌ನಲ್ಲಿ ನೆಲೆಸಿದ್ದ ದಂಪತಿಗಳ ಪ್ರಕರಣವೊಂದರಲ್ಲಿ, ಗಂಡನು ಭಾರತಕ್ಕೆ ಹೋಗಿ ಮೂರು ಬಾರಿ ತಲಾಖ್ ಹೇಳಿ ವಿಚ್ಛೇದನದ ಪತ್ರ ತಂದಿದ್ದನು. ಕೆಳಗಿನ ನ್ಯಾಯಾಲಯ ಅದನ್ನು ಮಾನ್ಯ ಮಾಡಿತ್ತು. 2009ರಲ್ಲಿ ಮಿಷಿಗನ್‌ನ ಮೇಲ್ಮನವಿ ನ್ಯಾಯಾಲಯವು, ಹೆಂಡತಿಗೆ ಮುನ್ಸೂಚನೆಯಾಗಲಿ ತನ್ನ ಮಾತು ಹೇಳುವ ಅವಕಾಶವಾಗಲಿ ಇರಲಿಲ್ಲ, ಗಂಡನಿಗಿರುವ ಹಕ್ಕು ಆಕೆಗಿಲ್ಲ ಎಂಬ ಕಾರಣಗಳಿಂದ, ಆ ತೀರ್ಮಾನವನ್ನು ತಳ್ಳಿಹಾಕಿತು. ಭಾರತದ ಸುಪ್ರೀಂ ಕೋರ್ಟು ಒಂದೇ ಉಸಿರಿನ ತ್ರಿವಳಿ ತಲಾಖನ್ನು ಅಸಿಂಧುಗೊಳಿಸಿದ್ದು 2017ರ ಆಗಸ್ಟ್‌ನಲ್ಲಿ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಓದಿದ ಕನ್ನಡಿಗರಿಗೆ ತಲಾಖ್ ಎಂಬ ಪದವು ಒಂದು ಹೆಣ್ಣಿನ ಬದುಕಿಗೆ ಏನು ಮಾಡಬಲ್ಲದೆಂಬುದನ್ನು ವಿವರಿಸಬೇಕಾಗಿಲ್ಲ.

ನ್ಯಾಯಾಲಯಗಳು ಇಸ್ಲಾಮಿ ಕಾನೂನನ್ನು ಯಾವಾಗಲೂ ತಿರಸ್ಕರಿಸುತ್ತವೆ ಎಂದು ಇದರಿಂದ ತಿಳಿಯಬಾರದು. ನಿಕಾಹ್ ಸಮಯದಲ್ಲಿ ಗಂಡನು ಹೆಂಡತಿಗೆ ಕೊಡಲು ಒಪ್ಪುವ ಧನ ‘ಮಹರ್’. 2019ರಲ್ಲಿ ಮಿಷಿಗನ್‌ನ ಅದೇ ಮೇಲ್ಮನವಿ ನ್ಯಾಯಾಲಯವು 50,000 ಡಾಲರ್ ಮಹರಿನ ಪ್ರಕರಣವೊಂದರಲ್ಲಿ, ಧಾರ್ಮಿಕ ಪ್ರಶ್ನೆಗಳಿಗೆ ಕೈಹಾಕದೆ, ಸಾಮಾನ್ಯ ಕರಾರಿನ ತತ್ತ್ವಗಳ ಮೇಲೆಯೇ ಅದನ್ನು ಹೆಂಡತಿಗೆ ಕೊಡಿಸಿತು. ಇಲಿನಾಯ್‌ನ ಮೇಲ್ಮನವಿ ನ್ಯಾಯಾಲಯವು 1990ರಲ್ಲಿ ಯಹೂದಿ ದಂಪತಿಗಳ ಪ್ರಕರಣದಲ್ಲಿ, ಅವರ ವಿವಾಹ ಕರಾರಿನ ಆಧಾರದ ಮೇಲೆ, ಧಾರ್ಮಿಕ ವಿಚ್ಛೇದನ ಕೊಡುವಂತೆ ಗಂಡನಿಗೆ ಆದೇಶಿಸಿದ್ದೂ ಇದೇ ನೆಲೆಯಲ್ಲಿ. 2010ರ ನಂತರ ಹಲವು ರಾಜ್ಯಗಳಲ್ಲಿ ಷರಿಯತ್ ವಿರುದ್ಧ ಮಸೂದೆಗಳನ್ನು ಮಂಡಿಸಿದವರು ಕಲ್ಪಿಸಿಕೊಂಡ ಭೀತಿಗೆ ಈ ತೀರ್ಪುಗಳಲ್ಲಿ ಯಾವ ಆಧಾರವೂ ಇಲ್ಲ. ಡೆಟ್ರಾಯಿಟ್ ನದಿಯಾಚೆಯ ವಿಂಡ್ಸರ್ ವಿಶ್ವವಿದ್ಯಾಲಯದ ಜೂಲಿ ಮ್ಯಾಕ್‌ಫರ್ಲೇನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ವಿಚ್ಛೇದನ ಪಡೆದ ಮುಸ್ಲಿಮರು ಬಯಸುತ್ತಿದ್ದುದು ಪ್ರತ್ಯೇಕ ನ್ಯಾಯಾಲಯವನ್ನಲ್ಲ, ದೇವರ ಎದುರಿನಲ್ಲಿಯೂ ಬಂಧನ ಮುಗಿಯಿತೆಂಬ ಮನಸ್ಸಿನ ಸಮಾಧಾನವನ್ನು ಎಂಬುದು ಕಂಡುಬಂದಿತು.

ಆ ಸಮಾಧಾನವೇ ಹೆಂಗಸರಿಗೆ ಸುಲಭವಾಗಿ ಸಿಗುವುದಿಲ್ಲ. ಮಿಷಿಗನ್‌ನಲ್ಲಿ 1972ರಿಂದ ಯಾರ ತಪ್ಪನ್ನೂ ಸಾಬೀತು ಮಾಡದೆ ವಿಚ್ಛೇದನ ಪಡೆಯಬಹುದಾದರೂ, ಗಂಡನು ತಲಾಖ್ ಹೇಳದಿದ್ದರೆ, ಅಥವಾ ಹೆಂಡತಿ ಕೇಳಿ ಪಡೆಯುವ ‘ಖುಲಾ’ಕ್ಕೆ ಒಪ್ಪದಿದ್ದರೆ, ಆಕೆ ರಾಜ್ಯದ ದೃಷ್ಟಿಯಲ್ಲಿ ಸ್ವತಂತ್ರಳು, ಸಮುದಾಯದ ದೃಷ್ಟಿಯಲ್ಲಿ ಇನ್ನೂ ಹೆಂಡತಿ. ನಾಗರಿಕ ಕಾನೂನಿನಡಿ ಮದುವೆಯಾದವರು ಅದರ ತೀರ್ಪನ್ನೂ ಒಪ್ಪಿಕೊಂಡಂತೆಯೇ ಎಂದು ಯುರೋಪಿಯನ್ ಫತ್ವಾ ಮಂಡಳಿ ಹೇಳಿದೆ. ಅಮೆರಿಕದ ಮುಸ್ಲಿಂ ನ್ಯಾಯಶಾಸ್ತ್ರಜ್ಞರ ಸಭೆಯು ಅಷ್ಟು ದೂರ ಹೋಗದೆ, ಧಾರ್ಮಿಕ ಬಿಡುಗಡೆಗೆ ಮುಸ್ಲಿಂ ವಿದ್ವಾಂಸರ ನಿರ್ಣಯ ಬೇಕೆನ್ನುತ್ತದೆ. ಹೀಗಾಗಿ ಒಬ್ಬ ಇಮಾಮರು ಒಂದೇ ಭೇಟಿಯಲ್ಲಿ ಬಿಡುಗಡೆ ಪತ್ರ ಬರೆದುಕೊಡಬಹುದು, ಇನ್ನೊಬ್ಬರು ಗಂಡನ ಸಹಿಗಾಗಿ ವರ್ಷಗಟ್ಟಲೆ ಕಾಯಿಸಬಹುದು. ಇಲ್ಲಿ ಅನಿವಾರ್ಯತೆಯ ವಿನಾಯಿತಿ ಸಾಲದು; ಮನೆಸಾಲಕ್ಕೆ ಅಷ್ಟು ಬೇಗ ಒದಗಿದ ವಿನಾಯಿತಿ ಹೆಣ್ಣಿನ ಬಿಡುಗಡೆಗೆ ಇಷ್ಟು ತಡವರಿಸುವುದು, ಯಾರ ಅಗತ್ಯವನ್ನು ಅಗತ್ಯವೆಂದು ಎಣಿಸಲಾಗುತ್ತದೆ ಎಂಬುದನ್ನೂ ತೋರಿಸುತ್ತದೆ.

ಪರಿಹಾರವನ್ನು ಹೊರಗಿನಿಂದ ತರಬೇಕಾಗಿಲ್ಲ. ತಲಾಖ್ ಹೇಳುವ ತನ್ನ ಅಧಿಕಾರವನ್ನು ಗಂಡನು ನಿಕಾಹ್ ಹೊತ್ತಿನಲ್ಲಿಯೇ ಹೆಂಡತಿಗೆ ವಹಿಸಿಕೊಡಬಹುದೆಂಬ ‘ತಫ್ವೀಜ್’ ನಿಯಮ ಹನಫಿ ಫಿಕ್ಹ್‌ನಲ್ಲಿ ಶತಮಾನಗಳಿಂದ ಇದೆ; ಪಾಕಿಸ್ತಾನದ ಮುದ್ರಿತ ನಿಕಾಹ್‌ನಾಮೆಯ 18ನೆಯ ಅಂಕಣ ಇದಕ್ಕಾಗಿಯೇ ಇದೆ, ಮದುವೆಯ ಸಂಭ್ರಮದಲ್ಲಿ ಅದನ್ನು ಗೀಟು ಹಾಕಿ ಬಿಡುವುದು ಅಲ್ಲಿನ ರೂಢಿಯಾಗಿರುವುದು ಬೇರೆ ಮಾತು. ಶಿಕಾಗೊ ಮತ್ತು ಡೆಟ್ರಾಯಿಟ್‌ನ ಹಲವು ಇಮಾಮರು ರಾಜ್ಯದ ವಿವಾಹ ಪರವಾನಗಿಯನ್ನು ನೋಡದೆ ನಿಕಾಹ್ ನಡೆಸುವುದಿಲ್ಲವೆಂಬ ಶಿಸ್ತನ್ನು ಪಾಲಿಸುವಂತೆಯೇ, ಈ ಷರತ್ತನ್ನು ಬರೆಯದ ನಿಕಾಹ್‌ಗೆ ಸಹಿ ಹಾಕುವುದಿಲ್ಲವೆಂದು ತೀರ್ಮಾನಿಸಿದರೆ, ಅದಕ್ಕೆ ಶಾಸನಸಭೆಯ ಅಪ್ಪಣೆಯೂ ಬೇಡ, ಹೊಸ ಫತ್ವಾವೂ ಬೇಡ. ಆ ತೀರ್ಮಾನ ತೆಗೆದುಕೊಳ್ಳಬೇಕಾದವು ಮಸೀದಿಗಳ ಆಡಳಿತ ಸಮಿತಿಗಳು, ಅವುಗಳಲ್ಲಿ ಹೆಂಗಸರಿಗೆ ಸಿಕ್ಕಿರುವ ಸ್ಥಾನ ಇನ್ನೂ ಕಡಿಮೆ.